ರೀಫ್ ಟ್ಯಾಂಕ್‌ನಲ್ಲಿ (ಹವಳ ಬೆಳೆಸುವ ಉಪ್ಪುನೀರಿನ ಅಕ್ವೇರಿಯಂ) ಸತ್ತ ಮೀನು ಸಿಗದಿದ್ದರೆ ಕಲ್ಲುಗಳನ್ನೆಲ್ಲ ಎತ್ತಿ ಹುಡುಕಬೇಕೇ?

ದಯವಿಟ್ಟು ಕಲ್ಲು ಎತ್ತಬೇಡಿ. ಈ ರಾತ್ರಿಯೇ ನೀರಿನ ಅಮೋನಿಯಾ ಪರೀಕ್ಷೆ ಮಾಡಿ; ದೇಹ ಕೊಳೆತರೆ ನೀರಿಗೆ ಸೇರುವ ವಿಷ ಅದು.

ನಿಮ್ಮದು 200 ಲೀಟರಿನ, ಒಂದು ವರ್ಷ ದಾಟಿದ ಉಪ್ಪುನೀರಿನ ಟ್ಯಾಂಕ್. ಎರಡು ದಿನದಿಂದ ಫೈರ್‌ಫಿಶ್ ಕಾಣುತ್ತಿಲ್ಲ, ಎರಡು ಕ್ಲೌನ್ ಮೀನುಗಳೂ ಹವಳಗಳೂ ಚೆನ್ನಾಗಿವೆ ಎಂದು ಬರೆದಿದ್ದೀರಿ. ಬೆರಳುದ್ದದ ಮೀನಿನ ದೇಹವನ್ನು ಅಂಥ ಟ್ಯಾಂಕ್ ತಾನೇ ಅರಗಿಸಿಕೊಳ್ಳುತ್ತದೆ. ಹರ್ಮಿಟ್ ಏಡಿ, ನಸ್ಸಾರಿಯಸ್ ಬಸವನಹುಳು, ಕಲ್ಲಿನ ಸಂದಿಯ ಬ್ರಿಸಲ್ ಹುಳುಗಳು ಸೇರಿದರೆ ಎಷ್ಟೋ ಸಲ ಬೆಳಗಾಗುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ.

ಇದನ್ನು ನಾನು ನಷ್ಟ ಮಾಡಿಕೊಂಡು ಕಲಿತದ್ದು. ಬೆಂಗಳೂರಿನ ನನ್ನ ಮನೆಯ ಟ್ಯಾಂಕ್‌ನಲ್ಲಿ ರಾಯಲ್ ಗ್ರಾಮಾ ಎಂಬ ಮೀನೊಂದು ಕಾಣೆಯಾದಾಗ ಗಾಬರಿಯಿಂದ ಕಲ್ಲುಗಳನ್ನು ಒಂದೊಂದಾಗಿ ಹೊರಗೆ ತೆಗೆದೆ. ಮರಳಿನಡಿ ಕೂತಿದ್ದ ಕೊಳೆಯೆಲ್ಲ ಎದ್ದು ನೀರು ಕದಡಿತು. ಎರಡು ವರ್ಷ ಬೆಳೆಸಿದ್ದ ಮಾಂಟಿಪೋರಾ ಹವಳ ಮೂರು ತುಂಡಾಯಿತು. ಬೆಳಿಗ್ಗೆ ಉಳಿದ ಮೀನುಗಳು ಮೇಲೆ ಬಂದು ಬಾಯಿ ತೆರೆದು ಉಸಿರಾಡುತ್ತಿದ್ದವು. ಸತ್ತ ಮೀನಿನದು ಸಿಕ್ಕಿದ್ದು ಬೆನ್ನುಮೂಳೆ ಮಾತ್ರ. ಆ ಮೀನಿನಿಂದ ಆಗದ ಹಾನಿ ನನ್ನ ಕೈಯಿಂದ ಆಗಿತ್ತು.

ಅದು ಸತ್ತಿದೆ ಎಂದು ತೀರ್ಮಾನಿಸುವ ಮೊದಲು ಟ್ಯಾಂಕ್‌ನ ಹೊರಗೆ ನೋಡಿ. ಫೈರ್‌ಫಿಶ್ ಬೆದರಿದರೆ ನೆಗೆಯುತ್ತದೆ. ಸ್ಟ್ಯಾಂಡ್ ಹಿಂದೆ, ಗೋಡೆಯ ಸಂದಿಯಲ್ಲಿ, ಟ್ಯಾಂಕ್‌ನ ನೀರು ಕೆಳಗಿಳಿಯುವ ಓವರ್‌ಫ್ಲೋ ಪೆಟ್ಟಿಗೆಯಲ್ಲಿ, ಸಂಪ್‌ನ (ಕೆಳಗಿನ ಫಿಲ್ಟರ್ ತೊಟ್ಟಿ) ಫಿಲ್ಟರ್ ಚೀಲದಲ್ಲಿ ಹುಡುಕಿ. ಓವರ್‌ಫ್ಲೋಗೆ ಬಿದ್ದದ್ದು ಜೀವಂತವಾಗಿಯೂ ಸಿಗಬಹುದು.

ಅಮೋನಿಯಾ ಸೊನ್ನೆ ಬಂದರೆ ಮೂರ್ನಾಲ್ಕು ದಿನ ದಿನಕ್ಕೊಮ್ಮೆ ಪರೀಕ್ಷಿಸಿ, ಊಟ ಸ್ವಲ್ಪ ಕಡಿಮೆ ಹಾಕಿ, ಅಷ್ಟು ಸಾಕು. ಪರೀಕ್ಷೆಯಲ್ಲಿ ಬಣ್ಣ ಸ್ವಲ್ಪ ತಿರುಗಿ ಅಮೋನಿಯಾ ಇದೆ ಎಂದು ತೋರಿಸಿದರೆ ಮಾತ್ರ ತಡಮಾಡಬೇಡಿ. ಸಿಹಿನೀರಿನ ಟ್ಯಾಂಕ್ ಇಟ್ಟು ಅನುಭವವಿರುವವರು ಇಲ್ಲಿ ಎಡವುತ್ತಾರೆ. ಪಿಎಚ್ 7ರ ಸಿಹಿನೀರಿನಲ್ಲಿ ಒಟ್ಟು ಅಮೋನಿಯಾದ ಶೇಕಡ ಒಂದಕ್ಕಿಂತ ಕಡಿಮೆ ಪಾಲು ಮಾತ್ರ ವಿಷಕಾರಿ ರೂಪದಲ್ಲಿರುತ್ತದೆ, ಪಿಎಚ್ 8.2ರ ರೀಫ್ ನೀರಿನಲ್ಲಿ ಆ ಪಾಲು ಹಲವು ಪಟ್ಟು ಹೆಚ್ಚು. 40-50 ಲೀಟರ್ ನೀರು ಬದಲಿಸಿ. ಹೊಸ ಉಪ್ಪುನೀರನ್ನು ಆರ್‌ಓ ನೀರಿನಲ್ಲೇ ಕಲಸಿ, ಸಾಂದ್ರತೆ 1.025ರ ಆಸುಪಾಸಿನಲ್ಲಿ, ಉಷ್ಣತೆ ಟ್ಯಾಂಕ್‌ನಲ್ಲಿರುವಷ್ಟೇ ಇರಲಿ. ನೊರೆಯೆಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ನಿಲ್ಲಿಸಬೇಡಿ, ಒಂದು ಚೀಲ ಆಕ್ಟಿವೇಟೆಡ್ ಕಾರ್ಬನ್ ಇಡಿ, ಒಂದು ಏರ್ ಪಂಪ್ ಹಾಕಿ. ದೇಹ ಕೊಳೆಯುವಾಗ ಆಮ್ಲಜನಕವೂ ಖರ್ಚಾಗುತ್ತದೆ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ ಸಮುದ್ರದ ನೀರು 6.7ರಷ್ಟೇ. ರಾತ್ರಿ ಕರೆಂಟ್ ಹೋಗುವ ಊರಾದರೆ ಬ್ಯಾಟರಿಯ ಏರ್ ಪಂಪ್ ಒಂದು ಕೈಗೆಟಕುವಂತಿರಲಿ.

ಸತ್ತದ್ದು ಟ್ಯಾಂಗ್‌ನಂಥ ದೊಡ್ಡ ಮೀನಾಗಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಅದನ್ನು ತೆಗೆಯಲೇಬೇಕು. ದೀಪ ಆರಿದ ಮೇಲೆ ಟಾರ್ಚ್ ಹಿಡಿದು ಏಡಿ, ಬಸವನಹುಳು ಎಲ್ಲಿ ಮುತ್ತಿಕೊಂಡಿವೆ ನೋಡಿ, ಉದ್ದನೆಯ ಚಿಮಟದಲ್ಲಿ ಎಳೆಯಿರಿ.

ಕೈ ಹಾಕುವುದಾದರೆ ಗ್ಲೌಸ್ ಹಾಕಿಕೊಂಡೇ ಹಾಕಿ. ಕೈಯಲ್ಲಿ ಗಾಯವಿದ್ದರೆ ಮೈಕೋಬ್ಯಾಕ್ಟೀರಿಯಂ ಮರಿನಮ್ ಎಂಬ ಬ್ಯಾಕ್ಟೀರಿಯಾ ಚರ್ಮಕ್ಕೆ ಇಳಿದು ತಿಂಗಳುಗಟ್ಟಲೆ ವಾಸಿಯಾಗದ ಗಂಟು ಮಾಡುತ್ತದೆ. ಲಯನ್‌ಫಿಶ್ ಸತ್ತ ಮೇಲೂ ಅದರ ಮುಳ್ಳಿನಲ್ಲಿ ವಿಷ ಇರುತ್ತದೆ. ಕಲ್ಲನ್ನು ಕುದಿಸಿ ತೊಳೆಯಿರಿ ಎಂದು ಯಾರಾದರೂ ಹೇಳಿದರೆ ಖಂಡಿತ ಕೇಳಬೇಡಿ: ಜೊಯಾಂಥಿಡ್ ಹವಳ ಅಂಟಿದ ಕಲ್ಲಿನಿಂದ ಪಾಲಿಟಾಕ್ಸಿನ್ ಎಂಬ ವಿಷ ಆವಿಯಲ್ಲಿ ಹೊರಬಂದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳಿವೆ.

ದೇಹ ಸಿಕ್ಕಿದರೆ ಎಸೆಯುವ ಮೊದಲು ಎರಡು ನಿಮಿಷ ಅದನ್ನು ನೋಡಿ. ಮೈಮೇಲೆ ಕಂದು ಹೊನ್ನಿನ ಧೂಳಿನಂಥ ಪುಡಿ ಇದೆಯೇ? ಅದು ವೆಲ್ವೆಟ್ ರೋಗವಿರಬಹುದು, ಉಳಿದವುಗಳನ್ನೂ ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ. ಆಗ ಮೀನುಗಳನ್ನು ಬೇರೆ ತೊಟ್ಟಿಗೆ ಸಾಗಿಸಿ ಅಲ್ಲೇ ತಾಮ್ರದ ಔಷಧಿ ಕೊಡಬೇಕು. ರೀಫ್ ಟ್ಯಾಂಕ್‌ಗೆ ತಾಮ್ರ ಹಾಕಿದರೆ ಹವಳ, ಸಿಗಡಿ, ಬಸವನಹುಳು ಯಾವುದೂ ಉಳಿಯುವುದಿಲ್ಲ. ಕಚ್ಚಿದ ಗುರುತು ಕಂಡರೆ ಏಡಿಯೇ ಕೊಂದಿತು ಎನ್ನಬೇಡಿ, ಸತ್ತ ಮೇಲೆ ಕಚ್ಚಿರುವುದೇ ಹೆಚ್ಚು.

ದೇಹವನ್ನು ಕೆರೆಗೆ, ಟಾಯ್ಲೆಟ್‌ಗೆ ಹಾಕಬೇಡಿ. ಕಾಗದದಲ್ಲಿ ಸುತ್ತಿ ಹಸಿ ಕಸಕ್ಕೆ ಕೊಡಿ.

ಇನ್ನೊಂದು ಫೈರ್‌ಫಿಶ್ ತರುವ ಯೋಚನೆ ಇದ್ದರೆ ಟ್ಯಾಂಕ್ ಮೇಲೆ ಮೊದಲು ಕಾಲು ಇಂಚಿನ ಕಣ್ಣಿನ ಬಲೆ ಹಾಕಿಸಿ. ವೈರ್ ಹೋಗಲು ಬಿಟ್ಟ ಮೂಲೆಯನ್ನೂ ಮುಚ್ಚಿ. ನಾನು ಕಂಡಂತೆ ಅವು ಹೊರಗೆ ಹಾರುವುದು ಆ ಮೂಲೆಯಿಂದಲೇ.