ಪಿಎಸ್ಎ 6.8 ಬಂದಿದೆ, ನನಗೆ ಕ್ಯಾನ್ಸರ್ ಇದೆಯೇ?

ಪ್ರಶ್ನೆ: ನನಗೆ 64 ವರ್ಷ. ಮಂಡ್ಯ ತಾಲ್ಲೂಕಿನ ಹಳ್ಳಿಯಲ್ಲಿ ಕಬ್ಬು, ಭತ್ತ ಬೆಳೆಯುವ ರೈತ. ನಾಲ್ಕೈದು ವರ್ಷಗಳಿಂದ ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳಬೇಕಾಗುತ್ತದೆ. ಕಳೆದ ತಿಂಗಳು ಉರಿಮೂತ್ರದ ಜೊತೆಗೆ ಚಳಿಜ್ವರ ಬಂದು, ಮಾತ್ರೆಯಿಂದ ವಾಸಿಯಾಯಿತು. ಅದಾದ ಹತ್ತು ದಿನಕ್ಕೆ ಊರಿನ ಆರೋಗ್ಯ ಶಿಬಿರದಲ್ಲಿ ರಕ್ತ ಕೊಟ್ಟಾಗ ಪ್ರಾಸ್ಟೇಟ್ ಗ್ರಂಥಿಗೆಂದು ಮಾಡುವ ಪಿಎಸ್ಎ ಪರೀಕ್ಷೆಯಲ್ಲಿ 6.8 ಎಂದು ಬಂತು. 4ರ ಒಳಗಿರಬೇಕು, ಸೂಜಿಯಿಂದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಬೇಕಾಗಬಹುದು ಎಂದರು. ನಮ್ಮ ಬೀದಿಯವರೊಬ್ಬರಿಗೆ ಸೂಜಿ ಚುಚ್ಚಿದ ಮೇಲೆಯೇ ಗಡ್ಡೆ ಮೈಗೆಲ್ಲ ಹರಡಿತು ಎಂದು ಜನ ಹೇಳುತ್ತಾರೆ. ರಿಪೋರ್ಟನ್ನು ಬೀರುವಿನಲ್ಲಿ ಪಂಚೆಗಳ ಅಡಿ ಇಟ್ಟಿದ್ದೇನೆ. ಇಪ್ಪತ್ತು ದಿನವಾಯಿತು, ಮನೆಯಲ್ಲಿ ಯಾರಿಗೂ ಹೇಳಿಲ್ಲ. ನನಗೆ ಕ್ಯಾನ್ಸರ್ ಇದೆಯೇ?
– ಹೆಸರು ಬೇಡ, ಮಂಡ್ಯ

ಉತ್ತರ: ಈ ಒಂದು ಸಂಖ್ಯೆಯಿಂದ ನಿಮಗೆ ಕ್ಯಾನ್ಸರ್ ಇದೆ ಎಂದು ಯಾವ ವೈದ್ಯರೂ ಹೇಳಲಾರರು, ಇಲ್ಲ ಎಂದೂ ಹೇಳಲಾರರು. ನೀವು ಬರೆದಿರುವ ಆ ಚಳಿಜ್ವರವೇ ಇಲ್ಲಿ ಬಹಳ ಮುಖ್ಯವಾದ ಸಂಗತಿ.

ಪ್ರಾಸ್ಟೇಟ್ ಎಂಬುದು ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದಿರುವ ಗ್ರಂಥಿ. ವಯಸ್ಸಾದಂತೆ ಅದು ದಪ್ಪವಾಗಿ ನಾಳವನ್ನು ಒತ್ತುತ್ತದೆ. ಸುತ್ತಲಿನ ಮಣ್ಣು ಒತ್ತಿ ತೂಬು ಕಿರಿದಾದರೆ ಗದ್ದೆಗೆ ನೀರು ಹೇಗೆ ಸಣ್ಣಗೆ ಬರುತ್ತದೋ ಹಾಗೆ. ರಾತ್ರಿ ನೀವು ಏಳುತ್ತಿರುವುದಕ್ಕೆ ಬಹುಮಟ್ಟಿಗೆ ಇದೇ ಕಾರಣವಿರಬಹುದು, ಮತ್ತು ಹೀಗೆ ದಪ್ಪವಾಗುವುದು ಕ್ಯಾನ್ಸರ್ ಅಲ್ಲ. ಪಿಎಸ್ಎ ಈ ಗ್ರಂಥಿಯ ಜೀವಕೋಶಗಳೇ ತಯಾರಿಸುವ ಒಂದು ಪ್ರೋಟೀನು. ಕ್ಯಾನ್ಸರ್ ಇಲ್ಲದವರ ರಕ್ತದಲ್ಲಿಯೂ ಅದು ಸ್ವಲ್ಪ ಇದ್ದೇ ಇರುತ್ತದೆ. ಗ್ರಂಥಿ ದಪ್ಪವಾದರೆ, ಅದಕ್ಕೆ ಸೋಂಕು ತಗುಲಿದರೆ, ಮೂತ್ರ ಕಟ್ಟಿ ನಳಿಗೆ ಹಾಕಿದ್ದರೆ ಅದು ಏರುತ್ತದೆ. ಪರೀಕ್ಷೆಗೆ ಒಂದೆರಡು ದಿನ ಮುಂಚೆ ವೀರ್ಯಸ್ಖಲನವಾಗಿದ್ದರೂ, ಬಹಳ ದೂರ ಸೈಕಲ್ ತುಳಿದಿದ್ದರೂ ತುಸು ಹೆಚ್ಚಬಹುದು.

ಉರಿಮೂತ್ರದ ಜೊತೆ ಚಳಿಜ್ವರ ಬಂದಿತ್ತೆಂದರೆ ಸೋಂಕು ಪ್ರಾಸ್ಟೇಟನ್ನೂ ಮುಟ್ಟಿರುವ ಸಾಧ್ಯತೆ ಹೆಚ್ಚು. ಅಂತಹ ಸೋಂಕಿನ ನಂತರ ಪಿಎಸ್ಎ ಇಳಿಯಲು ವಾರಗಟ್ಟಲೆ ಬೇಕು. ಆದ್ದರಿಂದಲೇ ಆರರಿಂದ ಎಂಟು ವಾರ ಕಾಯದೆ ಈ ಪರೀಕ್ಷೆ ಮಾಡಬಾರದೆನ್ನುವುದು. ನಿಮ್ಮ ರಕ್ತ ತೆಗೆದದ್ದು ಹತ್ತನೆಯ ದಿನ. ಶಿಬಿರದಲ್ಲಿ ಆ ಜ್ವರದ ವಿಷಯವನ್ನು ನಿಮ್ಮಿಂದ ಕೇಳಿ ತಿಳಿದುಕೊಳ್ಳಬೇಕಾಗಿತ್ತು ಎಂಬುದು ನನ್ನ ಅಭಿಪ್ರಾಯ. ನಿಮ್ಮ ಲೆಕ್ಕದಂತೆ ಜ್ವರ ಬಿಟ್ಟು ಸುಮಾರು ಒಂದು ತಿಂಗಳಾಗಿದೆ. ಇನ್ನು ಎರಡು ಮೂರು ವಾರ ಬಿಟ್ಟು, ಮೊದಲು ಮೂತ್ರ ಪರೀಕ್ಷೆಯಲ್ಲಿ ಸೋಂಕು ಪೂರ್ತಿ ಹೋಗಿದೆ ಎಂದು ಖಚಿತಪಡಿಸಿಕೊಂಡು, ಸಾಧ್ಯವಾದರೆ ಅದೇ ಲ್ಯಾಬಿನಲ್ಲಿ ಪಿಎಸ್ಎ ಮತ್ತೆ ಮಾಡಿಸಿ.

ಒಂದು ಎಚ್ಚರಿಕೆ. ರಾತ್ರಿ ಏಳುವುದಕ್ಕೆಂದು ಮಾತ್ರೆ ನುಂಗುತ್ತಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಡ್ಯುಟಾಸ್ಟೆರೈಡ್ ಅಥವಾ ಫಿನಾಸ್ಟೆರೈಡ್ ಇರುವ ಮಾತ್ರೆಯನ್ನು ಆರು ತಿಂಗಳಿಂದ ಒಂದು ವರ್ಷ ತೆಗೆದುಕೊಂಡವರಲ್ಲಿ ಪಿಎಸ್ಎ ಸುಮಾರು ಅರ್ಧಕ್ಕೆ ಇಳಿದಿರುತ್ತದೆ; ಅವರ ರಿಪೋರ್ಟಿನಲ್ಲಿ 3 ಎಂದಿದ್ದರೆ ವೈದ್ಯರು ಅದನ್ನು 6 ಎಂದೇ ಎಣಿಸಬೇಕು. ಮಾತ್ರೆಯ ಖಾಲಿ ಸ್ಟ್ರಿಪ್ಪನ್ನು ಜೊತೆಗೆ ಒಯ್ದು ತೋರಿಸಿ. ತಂದೆಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಆಗಿದ್ದರೆ ಅದನ್ನೂ ಹೇಳಿ, ಏಕೆಂದರೆ ಆಗ ಅಪಾಯ ಹೆಚ್ಚು.

ಎರಡನೆಯ ಸಲವೂ ಹೆಚ್ಚಿದ್ದರೆ ಅದನ್ನು ಬಿಡುವಂತಿಲ್ಲ. 4ರಿಂದ 10ರ ನಡುವೆ ಬಂದು ಬಯಾಪ್ಸಿಯಾದವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಕಾಣುತ್ತದೆಂದು ಹೊರದೇಶಗಳ ಅನುಭವ ಹೇಳುತ್ತದೆ; ಅಂದರೆ ಮೂವರಿಗೆ ಇರುವುದಿಲ್ಲ. ಈಗ ಸೂಜಿಗೆ ಮೊದಲು ಎಂಆರ್ಐ ಮಾಡಿ, ಅನುಮಾನದ ಜಾಗವಿದ್ದರೆ ಅಲ್ಲಿಂದಲೇ ಚೂರು ತೆಗೆಯುವ ಪದ್ಧತಿ ಬಂದಿದೆ. ಮಂಡ್ಯದ ಮಿಮ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಸರ್ಜರಿ ವಿಭಾಗದಲ್ಲಿ ಮೊದಲು ತೋರಿಸಿ, ಅಗತ್ಯವಿದ್ದರೆ ಅವರಿಂದ ಚೀಟಿ ಪಡೆದು ಮೈಸೂರಿನಲ್ಲಿ ಮೂತ್ರರೋಗ ತಜ್ಞರನ್ನು ಕಾಣಬಹುದು.

ಸೂಜಿಯಿಂದ ಗಡ್ಡೆ ಹರಡುತ್ತದೆ ಎಂಬ ಮಾತು ನಮ್ಮ ಕಡೆ ಎಷ್ಟೋ ಜನರನ್ನು ಆಸ್ಪತ್ರೆಯ ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದೆ, ಅದು ನನಗೆ ತುಂಬ ನೋವಿನ ವಿಷಯ. ಪ್ರಾಸ್ಟೇಟ್ ಬಯಾಪ್ಸಿಯಲ್ಲಿ ಹಾಗಾಗುವುದು ತೀರಾ ವಿರಳ. ಕಾಯಿಲೆ ಆಗಲೇ ಮೂಳೆಗೆ ಇಳಿದ ಮೇಲೆ ಬಯಾಪ್ಸಿಗೆ ಬಂದವರು ಕೆಲವು ತಿಂಗಳಲ್ಲಿ ತೀರಿಹೋದರೆ, ನೋಡಿದವರಿಗೆ ಸೂಜಿಯೇ ಕಾರಣವೆನ್ನಿಸುತ್ತದೆ; ನಿಮ್ಮ ಬೀದಿಯವರ ವಿಷಯದಲ್ಲೂ ಹೀಗೇ ಆಗಿರಬಹುದು. ಬಯಾಪ್ಸಿಯ ನಿಜವಾದ ತೊಂದರೆಗಳು ಬೇರೆ: ಕೆಲವು ದಿನ ಮೂತ್ರದಲ್ಲಿ, ಕೆಲವು ವಾರ ವೀರ್ಯದಲ್ಲಿ ರಕ್ತ ಕಾಣಬಹುದು, ಕೆಲವರಿಗೆ ಸೋಂಕಾಗಬಹುದು. ಬಯಾಪ್ಸಿಯಾದ ಮೇಲೆ ಚಳಿಜ್ವರ ಬಂದರೆ ಬೆಳಗಾಗಲಿ ಎಂದು ಕಾಯದೆ ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ತಿಳಿಸಬೇಕು.

ಒಂದು ವೇಳೆ ಕ್ಯಾನ್ಸರ್ ಎಂದೇ ಬಂದರೂ, ಕ್ಯಾನ್ಸರಿನ ಉಗ್ರತೆಯನ್ನು ಅಳೆಯುವ ಗ್ಲೀಸನ್ ಅಂಕ 6 ಇರುವ ನಿಧಾನದ ಬಗೆಯಲ್ಲಿ ಎಷ್ಟೋ ಜನರಿಗೆ ಶಸ್ತ್ರಚಿಕಿತ್ಸೆಯಿಲ್ಲದೆ, ಆಗಾಗ ಪರೀಕ್ಷೆ ಮಾಡುತ್ತಾ ಗಮನವಿಟ್ಟು ನೋಡಿಕೊಳ್ಳುವುದೇ ಸಾಕಾಗುತ್ತದೆ. ಪಿಎಸ್ಎಯಿಂದ ಪತ್ತೆಯಾಗಿ ಗ್ರಂಥಿಯೊಳಗೇ ಇದ್ದ ಕ್ಯಾನ್ಸರಿನ 1,643 ಜನರನ್ನು ಬ್ರಿಟನ್ನಿನಲ್ಲಿ ಸುಮಾರು 15 ವರ್ಷ ಗಮನಿಸಿದಾಗ, ಆಪರೇಷನ್, ರೇಡಿಯೇಷನ್, ನಿಗಾ ಈ ಮೂರರಲ್ಲಿ ಯಾವುದನ್ನು ಪಡೆದವರಲ್ಲೂ ಆ ಕ್ಯಾನ್ಸರಿನಿಂದ ಸತ್ತವರು ನೂರಕ್ಕೆ ಮೂರರ ಆಸುಪಾಸಿನಲ್ಲಿ ಮಾತ್ರ ಇದ್ದರು.

ಆ ಕಾಗದವನ್ನು ಪಂಚೆಗಳ ಅಡಿಯಿಂದ ಇವತ್ತೇ ತೆಗೆದು ನಿಮ್ಮ ಮನೆಯವರಿಗೆ ತೋರಿಸಿ. ಮರುಪರೀಕ್ಷೆಗೆ ಹೋಗುವಾಗ ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಿ. ವೈದ್ಯರು ಹೇಳಿದ್ದನ್ನು ಕೇಳಿಸಿಕೊಳ್ಳಲು ಇನ್ನೊಂದು ಕಿವಿ ಬೇಕು. ಈ ನಡುವೆ ಮೂತ್ರ ಪೂರ್ತಿ ಕಟ್ಟಿದರೆ, ಮೂತ್ರದಲ್ಲಿ ರಕ್ತ ಬಂದರೆ, ಸೊಂಟದ ಮೂಳೆಯಲ್ಲಿ ಬಿಡದ ನೋವು ಅಥವಾ ಕಾಲುಗಳಲ್ಲಿ ಬಲಹೀನತೆ ಕಂಡರೆ ಕಾಯಬೇಡಿ.

ಪ್ರಶ್ನೆ: ನಮ್ಮ ತಂದೆಯವರಿಗೆ 79. ಹೃದಯಾಘಾತವಾಗಿ ಚೇತರಿಸಿಕೊಂಡಿದ್ದಾರೆ, ಮೂತ್ರದ ತೊಂದರೆ ಏನೂ ಇಲ್ಲ. ಪೂರ್ಣ ದೇಹ ತಪಾಸಣೆಯ ಪ್ಯಾಕೇಜಿನಲ್ಲಿ ಪಿಎಸ್ಎ 5.1 ಬಂದಿದೆ. ಬಯಾಪ್ಸಿ ಮಾಡಿಸಲೇಬೇಕೇ?
– ಒಬ್ಬ ಮಗ, ಮೈಸೂರು

ಉತ್ತರ: ಅವಸರವಿಲ್ಲ. ಲಕ್ಷಣಗಳಿಲ್ಲದ, 70 ದಾಟಿದವರಿಗೆ ವಾಡಿಕೆಯಂತೆ ಈ ಪರೀಕ್ಷೆ ಬೇಡವೆಂದೇ ಅಮೆರಿಕದ ತಜ್ಞರ ಸಮಿತಿ 2018ರಲ್ಲಿ ಸಲಹೆ ನೀಡಿತು, ಏಕೆಂದರೆ ಆ ವಯಸ್ಸಿನಲ್ಲಿ ಸಿಗುವ ಕ್ಯಾನ್ಸರುಗಳಲ್ಲಿ ಅನೇಕವು ಮನುಷ್ಯನ ಆಯುಷ್ಯದೊಳಗೆ ತೊಂದರೆ ಕೊಡುವಷ್ಟು ಬೆಳೆಯುವುದಿಲ್ಲ, ಚಿಕಿತ್ಸೆಯ ಕಷ್ಟ ಮಾತ್ರ ಉಳಿಯುತ್ತದೆ. ತಂದೆಯವರ ಹೃದಯದ ವೈದ್ಯರಿಗೂ ಒಬ್ಬ ಮೂತ್ರರೋಗ ತಜ್ಞರಿಗೂ ರಿಪೋರ್ಟ್ ತೋರಿಸಿ, ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿ ಪರೀಕ್ಷಿಸುವುದರಲ್ಲಿ ಗಟ್ಟಿ ಗಂಟು ಸಿಕ್ಕದಿದ್ದರೆ, ಕೆಲವು ತಿಂಗಳ ನಂತರ ಮತ್ತೊಮ್ಮೆ ನೋಡೋಣವೇ ಅಥವಾ ಇಲ್ಲಿಗೇ ಬಿಡೋಣವೇ ಎಂಬುದನ್ನು ಅವರನ್ನೇ ಕೂರಿಸಿಕೊಂಡು ಕೇಳಿ ತೀರ್ಮಾನಿಸಿ.