ತಂಬೂರಿ ತಂಬೂರಿಯಂತೆಯೇ ಕೇಳಿಸಬೇಕು

ಪ್ರಶ್ನೆ: ಮನೆಯಲ್ಲಿ ಖಯಾಲ್ ಮತ್ತು ವಚನ ಗಾಯನ ಕೇಳುವ ರೂಢಿ ನಮ್ಮದು. ಅಂಗಡಿಯಲ್ಲಿ ಬಹಳ ಸ್ಪಷ್ಟವೆನಿಸಿದ ಒಂದು ಜೋಡಿ ಸ್ಪೀಕರ್ ತಂದೆವು. ಮನೆಯಲ್ಲಿ ಅರ್ಧ ಗಂಟೆ ಕೇಳುವಷ್ಟರಲ್ಲಿ ಕಿವಿ ದಣಿಯುತ್ತದೆ, ಸಕಾರಗಳು ಚುಚ್ಚುತ್ತವೆ, ದನಿ ತೆಳುವಾಗುತ್ತದೆ. ಬೈಠಕ್‌ನಲ್ಲಿ ಎದುರು ಕುಳಿತು ಕೇಳಿದಂತೆ ಸಹಜವಾಗಿ ನುಡಿಯುವ ಸ್ಪೀಕರನ್ನು ಆರಿಸುವುದು ಹೇಗೆ? ಕೋಣೆ 10×12 ಅಡಿ. ಟೈಲ್ಸ್ ನೆಲ, ಜಮಖಾನೆ ಹಾಸಿ ಕೂರುತ್ತೇವೆ.
– ಓದುಗರೊಬ್ಬರು, ಧಾರವಾಡ

ಉತ್ತರ: ಅಂಗಡಿಯಲ್ಲಿ ಎರಡು ನಿಮಿಷಕ್ಕೆ ಮನಸ್ಸು ಸೆಳೆಯುವ ಗುಣವೇ ಮನೆಯಲ್ಲಿ ಎರಡು ಗಂಟೆಯ ಕೇಳ್ಮೆಗೆ ಶತ್ರುವಾಗುತ್ತದೆ. ತಾರದ, ಅಂದರೆ ಎತ್ತರದ ಕಂಪನಗಳ (ಟ್ರೆಬಲ್), ಭಾಗವನ್ನು ತುಸು ಎತ್ತಿ ಕೊಡುವ ಸ್ಪೀಕರ್ ಪಕ್ಕದ ಸ್ಪೀಕರಿಗಿಂತ ಸ್ಪಷ್ಟವೆನಿಸುತ್ತದೆ. ಮನುಷ್ಯನ ದನಿಯಲ್ಲಿ ಸಕಾರ, ಶಕಾರಗಳ ಸೀತ್ಕಾರವಿರುವುದು ಹೆಚ್ಚಾಗಿ 5ರಿಂದ 8 ಸಾವಿರ ಹರ್ಟ್ಸ್ ನಡುವೆ. ಅಲ್ಲಿ ಎತ್ತಿದರೆ ಅಕ್ಷರ ಮುಂದೆ ಬರುತ್ತದೆ, ಗಾಯಕರ ಎದೆಯ ನಾದ ಹಿಂದೆ ಸರಿಯುತ್ತದೆ. ನಿಮಗಾಗುತ್ತಿರುವ ದಣಿವು ಇದರದೇ ಎಂದು ನನ್ನ ಊಹೆ.

ಸಹಜತೆಯನ್ನು ಅಳೆಯಲು ನಮಗಿರುವ ಅತ್ಯುತ್ತಮ ಕೋಲು ಪರಿಚಿತ ಮನುಷ್ಯರ ದನಿ. ಬ್ರಿಟನ್ನಿನ ಬಿಬಿಸಿ ಎಂಜಿನಿಯರುಗಳು ದಶಕಗಳ ಹಿಂದೆಯೇ ಇದನ್ನು ನೆಚ್ಚಿಕೊಂಡಿದ್ದರು. ಸ್ಟುಡಿಯೊದಲ್ಲಿ ಮಾತನಾಡುವವರನ್ನು ನೇರವಾಗಿ ಕೇಳಿ, ಕೂಡಲೇ ಪಕ್ಕದ ಕೋಣೆಗೆ ಬಂದು ಅದೇ ದನಿಯನ್ನು ಸ್ಪೀಕರಿನಲ್ಲಿ ಕೇಳುವುದು, ಎರಡೂ ಹೊಂದುವವರೆಗೆ ತಿದ್ದುವುದು. 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನುಗಳಿಗೆಂದು ಅವರು ರೂಪಿಸಿದ ಎಲ್‌ಎಸ್3/5ಎ ಒಂದು ಅಡಿ ಎತ್ತರದ ಪುಟ್ಟ ಪೆಟ್ಟಿಗೆ. ದನಿಯ ಸಹಜತೆಗೆ ಅದು ಇಂದಿಗೂ ಹೆಸರುವಾಸಿ. ನೀವೂ ಹೀಗೆಯೇ ಮಾಡಿ. ಮನೆಯವರೊಬ್ಬರು ಒಂದು ವಚನ ಓದಿದ್ದನ್ನು ಸದ್ದಿಲ್ಲದ ಕೋಣೆಯಲ್ಲಿ ಧ್ವನಿಮುದ್ರಿಸಿಕೊಳ್ಳಿ. ಅವರನ್ನೂ ಅಂಗಡಿಗೆ ಕರೆದೊಯ್ದು, ಎದುರಿಗೇ ಅದೇ ವಚನ ಓದಿಸಿ, ಬಳಿಕ ಸ್ಪೀಕರಿನಲ್ಲಿ ಕೇಳಿ. ಮೊಬೈಲಿನ ಧ್ವನಿಮುದ್ರಣಕ್ಕೆ ಮಿತಿಯಿದೆ, ಆದರೂ ಮೂಗಿನಿಂದ ಬಂದಂತೆಯೋ ಡಬ್ಬಿಯೊಳಗಿಂದ ಬಂದಂತೆಯೋ ಕೇಳಿಸುವ ಸ್ಪೀಕರನ್ನು ನಿಮ್ಮ ಕಿವಿ ತಕ್ಷಣ ಗುರುತಿಸುತ್ತದೆ.

ಎರಡನೆಯದು ತಂಬೂರಿ. ಚೆನ್ನಾಗಿ ಧ್ವನಿಮುದ್ರಣವಾದ ಯಾವುದೇ ಆಲಾಪದ ಆರಂಭ ಸಾಕು. ತಂತಿಗಳು ಒರಗುವ ಕುದುರೆಯ (ಬ್ರಿಜ್) ಮೇಲೆ ತಂತಿಯ ಕೆಳಗೆ ಸರಿಸಿದ ಒಂದೆಳೆ ನೂಲಿನಿಂದ ಹುಟ್ಟುವ ಆ ಝೇಂಕಾರ, ಅಂದರೆ ಜವಾರಿ, ಹತ್ತಾರು ಉಪಸ್ವರಗಳ (ಮೂಲ ಸ್ವರದ ಜೊತೆಗೇ ಮೇಲೆ ನುಡಿಯುವ ಕಂಪನಗಳ) ಹೆಣಿಗೆ. ಎರಡು ಘಟಕಗಳ ಸ್ಪೀಕರಿನಲ್ಲಿ ಕೆಳಗಿನ ಕಂಪನಗಳನ್ನು ನುಡಿಸುವ ವೂಫರ್ ತನ್ನ ಕೆಲಸವನ್ನು ಮೇಲಿನವನ್ನು ನುಡಿಸುವ ಟ್ವೀಟರಿಗೆ ಒಪ್ಪಿಸುವುದು ಸಾಮಾನ್ಯವಾಗಿ 2ರಿಂದ 3 ಸಾವಿರ ಹರ್ಟ್ಸ್ ಆಸುಪಾಸಿನಲ್ಲಿ. ಅಲ್ಲಿ ಬಿರುಕಿದ್ದರೆ ತಂಬೂರಿ ಒಂದೇ ಹರಿವಾಗಿ ಕೇಳಿಸದೆ, ಕೆಳಗೊಂದು ಗುಂಯ್‌ಗಾರ, ಮೇಲೊಂದು ಜಿನುಗು ಎಂದು ಸೀಳುತ್ತದೆ. ಹತ್ತು ನಿಮಿಷ ಕಣ್ಣು ಮುಚ್ಚಿ ಕೇಳಿ.

ಕಾಳಿ ಏಕ್ (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಶ್ರುತಿಯ ಖರಜದ, ಅಂದರೆ ಮಂದ್ರ ಷಡ್ಜದ, ಮೂಲ ಕಂಪನ ಸುಮಾರು 69 ಹರ್ಟ್ಸ್. ಚಿಕ್ಕ ಸ್ಪೀಕರುಗಳು ಅಷ್ಟು ಕೆಳಗೆ ಪೂರ್ಣ ಬಲದಿಂದ ಇಳಿಯುವುದಿಲ್ಲ. ಆದರೂ ಉಪಸ್ವರಗಳು ಸರಿಯಾಗಿದ್ದರೆ ಕಿವಿಯೇ ಖರಜವನ್ನು ತುಂಬಿಕೊಳ್ಳುತ್ತದೆ. ಆದ್ದರಿಂದ ನಿಮ್ಮ ಸಂಗೀತಕ್ಕೆ ಸಬ್‌ವೂಫರ್ ಬೇಡ.

ಹೋಲಿಸುವಾಗ ಎರಡೂ ಸ್ಪೀಕರುಗಳ ಸದ್ದು ಒಂದೇ ಮಟ್ಟದಲ್ಲಿರಲಿ. ಒಂದೇ ಒಂದು ಡೆಸಿಬಲ್ ಜಾಸ್ತಿಯಾದರೂ ಕಿವಿ ಅದನ್ನು ‘ಉತ್ತಮ’ ಎಂದೇ ತಿಳಿಯುತ್ತದೆ. ಸಾಧ್ಯವಾದರೆ ಯಾವುದು ನುಡಿಯುತ್ತಿದೆ ಎಂದು ನಿಮಗೆ ತಿಳಿಯದಂತೆ ಬದಲಿಸಲು ಹೇಳಿ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ ಅವರು ಸ್ಪೀಕರುಗಳನ್ನು ಪರದೆಯ ಹಿಂದಿಟ್ಟು ಕೇಳಿಸಿದಾಗ, ಎಲ್ಲ ಕಂಪನಗಳನ್ನೂ ಸಮವಾಗಿ ನುಡಿಸುವ, ಪಕ್ಕಕ್ಕೂ ಅದೇ ಬಣ್ಣದ ದನಿ ಚೆಲ್ಲುವ ಸ್ಪೀಕರುಗಳೇ ಹೆಚ್ಚಿನವರಿಗೆ ಹಿಡಿಸಿದವು. ವಾಟ್ಸ್ ಸಂಖ್ಯೆಗೆ ಮರುಳಾಗಬೇಡಿ. ಶಕ್ತಿ ಎರಡು ಪಟ್ಟಾದರೆ ಸದ್ದು ಏರುವುದು ಬರೀ 3 ಡೆಸಿಬಲ್. ನಿಮ್ಮ ಕೋಣೆಗೆ 40–50 ವಾಟ್ಸ್‌ನ ಆಂಪ್ಲಿಫೈಯರ್ ಧಾರಾಳವಾಯಿತು.

ಆದರೆ ಹೊಸ ಸ್ಪೀಕರಿಗೆ ಹಣ ಸುರಿಯುವ ಮೊದಲು ಕೋಣೆಯನ್ನು ಸರಿಪಡಿಸಿ ನೋಡಿ. ಟೈಲ್ಸ್ ಮತ್ತು ಬರಿಗೋಡೆಗಳು ಅದೇ ತಾರವನ್ನು ಮತ್ತೆ ಮತ್ತೆ ಕಿವಿಗೆ ಎಸೆಯುತ್ತವೆ. ತೆಳು ಜಮಖಾನೆ ಹೀರುವುದು ತೀರ ಮೇಲಿನ ಕಂಪನಗಳನ್ನು ಮಾತ್ರ. ದಪ್ಪ ಕಂಬಳಿ, ಪುಸ್ತಕ ತುಂಬಿದ ಕಪಾಟು, ಗೋಡೆಗೊರಗಿಸಿದ ಹತ್ತಿಯ ಗಾದಿ ಹೆಚ್ಚು ಕೆಲಸ ಮಾಡುತ್ತವೆ. ಮಂದ್ರದ ಕಷ್ಟ ಬೇರೆ. ನಿಮ್ಮ ಅಳತೆಯ ಕೋಣೆ 47 ಮತ್ತು 56 ಹರ್ಟ್ಸ್ ಆಸುಪಾಸಿನಲ್ಲಿ ತಾನೇ ಅನುರಣಿಸುತ್ತದೆ. ಸ್ಪೀಕರನ್ನು ಮೂಲೆಯಲ್ಲಿಟ್ಟರೆ ಅದು ಇನ್ನೂ ಉಬ್ಬುತ್ತದೆ. ತಬಲಾ ಜೋಡಿಯ ಎಡಗೈ ವಾದ್ಯವಾದ ಡಗ್ಗಾ ಕೇಳಿ: ಅಂಗೈ ಒತ್ತಿದಂತೆ ಏರಿಳಿಯುವ ಘುಮಕ ಸ್ಪಷ್ಟವಾಗಿ ಬೇರೆ ಬೇರೆಯಾಗಿ ಕೇಳಿಸಿದರೆ ಸರಿ. ಪ್ರತಿ ಪೆಟ್ಟೂ ಒಂದೇ ‘ಧುಂ’ ಎಂದಾದರೆ ಸ್ಪೀಕರನ್ನು ಗೋಡೆಯಿಂದ ಅರ್ಧ ಅರ್ಧ ಅಡಿ ಮುಂದೆ ತರುತ್ತಾ ಹೋಗಿ.

ನೀವು ನೆಲದ ಮೇಲೆ ಕೂರುವವರು ಎಂಬುದನ್ನು ಅಂಗಡಿಯವರಿಗೆ ಹೇಳಲು ಮರೆಯಬೇಡಿ. ಮಾರುಕಟ್ಟೆಯಲ್ಲಿ ಸಿಗುವ 24 ಇಂಚಿನ ಸ್ಟ್ಯಾಂಡುಗಳು ಕುರ್ಚಿಯಲ್ಲಿ ಕೂರುವವರ ಕಿವಿಗೆ ತಕ್ಕವು. ಟ್ವೀಟರ್ ಕಿವಿಗಿಂತ ತೀರ ಮೇಲಿದ್ದರೆ ಎರಡು ಘಟಕಗಳ ದನಿ ಹೊಂದುವ ಜಾಗದಲ್ಲೇ ಏರುಪೇರಾಗಿ ಗಾಯಕರ ದನಿ ಟೊಳ್ಳಾಗುತ್ತದೆ. ಚಕ್ಕಳಮಕ್ಕಳ ಹಾಕಿ ಕುಳಿತವರ ಕಿವಿ ನೆಲದಿಂದ ಸುಮಾರು ಎರಡೂಕಾಲು ಅಡಿ ಎತ್ತರದಲ್ಲಿರುತ್ತದೆ. ಟ್ವೀಟರ್ ಅಷ್ಟೇ ಎತ್ತರಕ್ಕೆ ಬರುವಂತೆ ಗಟ್ಟಿಯಾದ ಮರದ ಪೀಠವನ್ನು ಬಡಗಿಯಿಂದ ಮಾಡಿಸಿ, ಈಗಿರುವ ಸ್ಪೀಕರನ್ನೇ ಅದರ ಮೇಲಿಟ್ಟು ಒಂದು ವಾರ ಕೇಳಿ ನೋಡಿ. ಆಮೇಲೂ ಸಕಾರ ಚುಚ್ಚಿದರೆ ಸ್ಪೀಕರ್ ಬದಲಿಸಿ.