ಮಕ್ಕಳಿಗೆ ಮನೆಯ ಕಸ ವಿಂಗಡಿಸಿ ಹೊರಗಿಡುವುದನ್ನು ಕಲಿಸುವುದು ಹೇಗೆ?

ನಿಮ್ಮ 7 ಮತ್ತು 10 ವರ್ಷದ ಮಕ್ಕಳು ಕಸದ ಬುಟ್ಟಿಯನ್ನು ಮುಟ್ಟಲೂ ಒಪ್ಪುವುದಿಲ್ಲ, ಹೇಳಿ ಹೇಳಿ ಸಾಕಾಗಿದೆ ಎಂದು ಬರೆದಿದ್ದೀರಿ. ಇಬ್ಬರು ಮಕ್ಕಳೊಡನೆ ಇದೇ ಪಾಡು ಪಟ್ಟವಳಾದ್ದರಿಂದ ಹೇಳುತ್ತೇನೆ: ಬುಟ್ಟಿಯನ್ನು ಹೊರಗೊಯ್ಯುವ ಕೆಲಸವನ್ನು ಮೊದಲು ಒಪ್ಪಿಸಬೇಡಿ, ಯಾವ ಕಸ ಎಲ್ಲಿಗೆ ಸೇರಬೇಕೆಂದು ತೀರ್ಮಾನಿಸುವ ಕೆಲಸವನ್ನು ಒಪ್ಪಿಸಿ. ಹೊತ್ತೊಯ್ಯುವುದರಲ್ಲಿ ಮಗುವಿಗೆ ಸಿಗುವುದು ಭಾರ ಮತ್ತು ದುರ್ವಾಸನೆ ಮಾತ್ರ, ವಿಂಗಡಣೆಯಲ್ಲಾದರೆ ತಲೆ ಓಡಿಸಲು ಅವಕಾಶವಿದೆ.

ನಮ್ಮಲ್ಲಿ ಅದು ಶುರುವಾದದ್ದು ಒಂದು ಕಾಗದದ ಲೋಟದಿಂದ. ಮಗಳು ಅದನ್ನು ರದ್ದಿ ಕಾಗದದೊಳಗೆ ಹಾಕಿದಳು, ನಾನು ಹೊರತೆಗೆದೆ, ಅವಳು ವಾದಕ್ಕಿಳಿದಳು. ಲೋಟವನ್ನು ಹರಿದು, ಒಳಮೈಗೆ ಅಂಟಿದ್ದ ತೆಳುವಾದ ಪ್ಲಾಸ್ಟಿಕ್ ಪದರವನ್ನು ತೋರಿಸಿದ ಮೇಲೆ ಆ ವಾರವೆಲ್ಲ ಕೈಗೆ ಸಿಕ್ಕ ಪೊಟ್ಟಣಗಳನ್ನೆಲ್ಲ ಹರಿದು ನೋಡುವುದೇ ಅವಳ ಕೆಲಸವಾಯಿತು. ಹಾಗಾಗಿ ನಿಯಮ ಹೇಳುವಾಗ ಕಾರಣವನ್ನೂ ಹೇಳಿ. ಹಣ್ಣಿನ ಸಿಪ್ಪೆ ಗಾಳಿಯಾಡುವಲ್ಲಿ ಕೊಳೆತರೆ ಗೊಬ್ಬರವಾಗುತ್ತದೆ, ಅದೇ ಸಿಪ್ಪೆ ಕಸದ ಗುಡ್ಡದ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತರೆ ಭೂಮಿಯ ಬಿಸಿಯೇರಿಸುವ ಮೀಥೇನ್ ಅನಿಲವನ್ನು ಉಗುಳುತ್ತದೆ. ಗಾಜನ್ನು, ಅಲ್ಯೂಮಿನಿಯಂ ಡಬ್ಬವನ್ನು ಎಷ್ಟು ಸಲ ಬೇಕಾದರೂ ಕರಗಿಸಿ ಮತ್ತೆ ಬಳಸಬಹುದು; ಕಾಗದದ ನಾರಾದರೋ ಪ್ರತಿ ಸಲವೂ ಮೋಟಾಗುತ್ತ ಹೋಗುತ್ತದೆ, ಎಣ್ಣೆ ಮೆತ್ತಿದ್ದರೆ ಸಾಮಾನ್ಯವಾಗಿ ಮರುಬಳಕೆಗೇ ಒದಗುವುದಿಲ್ಲ. ವಿಂಗಡಣೆಯ ನಿಯಮಗಳು ಊರಿಂದೂರಿಗೆ ಬೇರೆಯಾಗಿರುವುದರಿಂದ, ನಿಮ್ಮಲ್ಲಿಯವನ್ನು ಮೊದಲು ನೀವು ಸರಿಯಾಗಿ ತಿಳಿದುಕೊಳ್ಳಿ, ಏಕೆಂದರೆ ಮಕ್ಕಳು ಖಂಡಿತ ಪರೀಕ್ಷಿಸುತ್ತಾರೆ.

ನಾನು ಮಾಡಿದ ದೊಡ್ಡ ತಪ್ಪನ್ನೂ ಹೇಳಿಬಿಡುತ್ತೇನೆ. ಮಕ್ಕಳು ತಪ್ಪಾಗಿ ಹಾಕಿದ್ದನ್ನು ಅವರು ಮಲಗಿದ ಮೇಲೆ ನಾನೇ ಗುಟ್ಟಾಗಿ ಸರಿಪಡಿಸುತ್ತಿದ್ದೆ. ತಿಂಗಳುಗಟ್ಟಲೆ ಹೀಗೆ ನಡೆದದ್ದರಿಂದ ತಾವು ತಪ್ಪುತ್ತಿದ್ದೇವೆಂಬುದೇ ಅವರಿಗೆ ತಿಳಿಯಲಿಲ್ಲ. ಈಗ ತಪ್ಪು ಕಂಡರೆ ಕರೆದು ತೋರಿಸುತ್ತೇನೆ, ಅವರೇ ತೆಗೆದು ಸರಿಯಾದ ಬುಟ್ಟಿಗೆ ಹಾಕುತ್ತಾರೆ, ಬೈಗುಳವಿಲ್ಲ. ಶಿಕ್ಷೆಯಾಗಿ ಕಸದ ಕೆಲಸ ಹೇಳುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಹಾಗೆ ಮಾಡಿದರೆ ಅದು ಅವಮಾನದ ಕೆಲಸವೆಂಬ ಭಾವನೆಯನ್ನು ನಾವೇ ಬಿತ್ತಿದಂತಾಗುತ್ತದೆ.

ಒಡೆದ ಗಾಜು, ಬ್ಲೇಡು, ಹಳೆಯ ಔಷಧಿ, ಬಳಸಿದ ಡೈಪರ್, ಬ್ಯಾಟರಿ ಇವು ದೊಡ್ಡವರ ಪಾಲಿಗಿರಲಿ. ಲಿಥಿಯಂ ಬ್ಯಾಟರಿಯು ಕಸದ ಲಾರಿಯಲ್ಲಿ ಜಜ್ಜಿದರೆ ಹೊತ್ತಿಕೊಳ್ಳಬಲ್ಲದು ಎಂಬುದನ್ನು ಮಕ್ಕಳಿಗೂ ತಿಳಿಸಿಡಿ.

ವಿಂಗಡಣೆ ರೂಢಿಯಾದ ಮೇಲೆ, ದೊಡ್ಡ ಮಗುವಿಗೆ ಹೊರಗೊಯ್ಯುವುದನ್ನು ವಹಿಸಬಹುದು. ಚಿಕ್ಕ ಬುಟ್ಟಿಯಿರಲಿ, ತುಂಬಿ ತುಳುಕುವ ಮೊದಲೇ ದಿನವೂ ಒಂದೇ ಹೊತ್ತಿಗೆ ಖಾಲಿಯಾಗಲಿ, ಬಂದ ಕೂಡಲೇ ಸೋಪು ಹಚ್ಚಿ 20 ಸೆಕೆಂಡು ಕೈ ತೊಳೆಯಲಿ. ಹಸಿ ಕಸದ ನೀರು ಬಸಿದು, ಬುಟ್ಟಿಯ ತಳಕ್ಕೆ ಹಳೆಯ ಪತ್ರಿಕೆ ಹಾಸಿದರೆ ವಾಸನೆ ಬಹಳಷ್ಟು ತಗ್ಗುತ್ತದೆ. ಆದರೂ ನನ್ನ ಮಗ ಇಂದಿಗೂ ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡೇ ಬುಟ್ಟಿಯನ್ನು ಎತ್ತುತ್ತಾನೆ, ಅದಕ್ಕೆ ನನ್ನ ಆಕ್ಷೇಪವೇನೂ ಇಲ್ಲ.